ಹೆಸರಿಲ್ಲದ ಚಕಮಕಿ ಕೋವಿಗೆ ಬೆಲೆ ಕಟ್ಟಿದ ಬಗೆ

ಮಾರಾಟಕ್ಕಿದ್ದ ಆ ಚಕಮಕಿ ಕೋವಿಯ (ಕಲ್ಲು ಉಕ್ಕಿಗೆ ಬಡಿದ ಕಿಡಿಯಿಂದ ಮದ್ದು ಹೊತ್ತಿಕೊಳ್ಳುವ ಹಳೆಯ ಬಗೆಯ ಕೋವಿ) ಮೇಲೆ ಹೊರಗಡೆ ಎಲ್ಲಿಯೂ ಒಂದಕ್ಷರವಿರಲಿಲ್ಲ. ಎಂಟು ಪಟ್ಟೆಯ, ಅಂದರೆ ಎಂಟು ಚಪ್ಪಟೆ ಮುಖಗಳ ಉದ್ದ ನಳಿಗೆ, ಹುಲಿಪಟ್ಟೆಯಂತೆ ಅಡ್ಡಗೆರೆಗಳಿದ್ದ ಮೇಪಲ್ ಮರದ ಹಿಡಿ, ಹಿತ್ತಾಳೆಯ ಸಜ್ಜು, ಬುಡದ ಬಲಮಗ್ಗುಲಿನಲ್ಲಿ ಹೂವಿನ ಆಕಾರದ ತುದಿಯುಳ್ಳ ಪುಟ್ಟ ಮುಚ್ಚಳದ ಪೆಟ್ಟಿಗೆ ಇವೆಲ್ಲ ಇದ್ದವು. ಮಾಡಿದವರ ಹೆಸರು, ಊರು, ಇಸವಿ, ಕ್ರಮಸಂಖ್ಯೆ ಯಾವುದೂ ಇರಲಿಲ್ಲ. ಮಾರುತ್ತಿದ್ದ ಹಿರಿಯ ಹೆಂಗಸು ತೀರಿಕೊಂಡ ಪತಿಯ ಸಂಗ್ರಹವನ್ನು ಒಂದೊಂದಾಗಿ ವಿಲೇವಾರಿ ಮಾಡುತ್ತಿದ್ದರು. "ಇದು ಇನ್ನೂರು ವರ್ಷದ ಹಿಂದಿನದು ಅಂತ ನಮ್ಮವರು ಹೇಳುತ್ತಿದ್ದರು" ಎಂದು ಅವರು ನಂಬಿಕೆಯಿಂದಲೇ ಹೇಳಿದರು, ಬೆಲೆಯನ್ನೂ ಆ ನಂಬಿಕೆಗೆ ತಕ್ಕಂತೆ ಇಟ್ಟಿದ್ದರು. ನನಗೆ ಕೋವಿ ಕಂಡ ಕೂಡಲೇ ಹಿಡಿಸಿತ್ತು. ಆದರೆ ಹಿಡಿಸಿದ ವಸ್ತುವಿಗೆ ಬೆಲೆ ಕಟ್ಟುವಾಗ ಹೆಚ್ಚು ಎಚ್ಚರ ಬೇಕೆಂದು ಒಂದು ದಿನದ ಅವಕಾಶ ಕೇಳಿಕೊಂಡು, ಅಳತೆಯ ಸಾಧನಗಳೊಂದಿಗೆ ಮತ್ತೆ ಹೋದೆ.

ಹೆಸರಿಲ್ಲದ ಚಕಮಕಿ ಕೋವಿ ಮೂರು ಬಗೆಗಳಲ್ಲಿ ಯಾವುದಾದರೂ ಒಂದಾಗಿರಬಹುದು. ಚಕಮಕಿ ಬಳಕೆಯಲ್ಲಿದ್ದ ಹದಿನೆಂಟು ಅಥವಾ ಹತ್ತೊಂಬತ್ತನೆಯ ಶತಮಾನದ ಆರಂಭದ ಅಸಲಿ ಕೋವಿ ಮೊದಲನೆಯದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಟಲಿ, ಸ್ಪೇನ್, ಜಪಾನ್‌ಗಳ ಕಾರ್ಖಾನೆಗಳಿಂದ ಬಂದ ಪ್ರತಿಕೃತಿ ಎರಡನೆಯದು. ನಮ್ಮ ಕಾಲದ ಕುಶಲಕರ್ಮಿಯೋ ಹವ್ಯಾಸಿಯೋ ನಳಿಗೆ, ಲಾಕ್ (ಕಿಡಿ ಹೊಮ್ಮಿಸುವ ಯಂತ್ರಭಾಗ), ಮರ ಇವನ್ನು ಬಿಡಿಬಿಡಿಯಾಗಿ ತಂದು ತನ್ನ ಕೈಯಿಂದ ಕಟ್ಟಿದ್ದು ಮೂರನೆಯದು. ಈ ಮೂರಕ್ಕೂ ಮಾರುಕಟ್ಟೆಯಲ್ಲಿ ಅಜಗಜಾಂತರ. ಆದ್ದರಿಂದ ಇದು ಯಾವ ಬಗೆಯದೆಂದು ತೀರ್ಮಾನವಾಗುವವರೆಗೆ ಬೆಲೆಯ ಮಾತನ್ನೇ ಎತ್ತಬಾರದೆಂದು ನಿರ್ಧರಿಸಿದ್ದೆ. ಇಂತಹ ಕೋವಿಗೆ ಪರವಾನಗಿ ಬೇಕೇ, ಬೇಡವೇ ಎಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ ಆ ವಿಚಾರವನ್ನು ಕೋವಿ ನೋಡಲು ಹೋಗುವ ಮೊದಲೇ ಇತ್ಯರ್ಥ ಮಾಡಿಕೊಂಡಿದ್ದೆ.

ಅಳತೆಗೂ ಮೊದಲು ಮಾಡಲೇಬೇಕಾದ ಕೆಲಸವೆಂದರೆ ಕೋವಿಯಲ್ಲಿ ಈಡು (ತುಂಬಿಟ್ಟ ಮದ್ದುಗುಂಡು) ಇದೆಯೇ ಎಂದು ನೋಡುವುದು. ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಹಿಂದಿನಿಂದ ತೆರೆದು ನೋಡಲಾಗುವುದಿಲ್ಲ. ಹಳೆಯ ಕೋವಿಗಳು ದಶಕಗಳ ಹಿಂದಿನ ಮದ್ದುಗುಂಡನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಕೈಯಿಂದ ಕೈಗೆ ದಾಟಿರುವುದು ಅಪರೂಪವೇನಲ್ಲ, ಕರಿಮದ್ದು ಒಣಗಿದ್ದಲ್ಲಿ ಎಷ್ಟು ವರ್ಷವಾದರೂ ಸತ್ವ ಕಳೆದುಕೊಳ್ಳುವುದಿಲ್ಲ. ಕುದುರೆಯ (ಕಲ್ಲನ್ನು ಕಚ್ಚಿಹಿಡಿದು ಬಡಿಯುವ ಭಾಗ) ದವಡೆಯಿಂದ ಕಲ್ಲನ್ನು ಬಿಚ್ಚಿಸಿ, ಕಿಡಿ ಬಿದ್ದು ಮೊದಲು ಹೊತ್ತುವ ಮದ್ದನ್ನಿಡುವ ರಂಜಕದ ಬಟ್ಟಲು ಖಾಲಿಯಿರುವುದನ್ನು ಖಚಿತಪಡಿಸಿಕೊಂಡು, ಯಾರೂ ಇಲ್ಲದ ದಿಕ್ಕಿಗೆ ಬಾಯಿ ಮಾಡಿ, ಈಡನ್ನು ಒತ್ತಿ ತುಂಬುವ ಕೋಲಾದ ಗಜವನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಬಿಟ್ಟೆ. ಬಾಯಿಯ ಅಂಚಿಗೆ ಸರಿಯಾಗಿ ಗಜಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ ಹೊರತೆಗೆದು, ಅದೇ ಗುರುತನ್ನು ಬಾಯಿಗೆ ಸರಿಹೊಂದಿಸಿ ಗಜವನ್ನು ನಳಿಗೆಯ ಹೊರಮೈಗೆ ಒರಗಿಸಿ ಹಿಡಿದೆ. ಒಳಗೆ ಏನೂ ಇಲ್ಲದಿದ್ದರೆ ಗಜದ ತುದಿ ರಂಜಕದ ತೂತಿನ (ಬಟ್ಟಲಿನ ಬೆಂಕಿ ನಳಿಗೆಯೊಳಕ್ಕೆ ಹೋಗುವ ಕಿಂಡಿ) ನೇರಕ್ಕೆ ಅಥವಾ ಅದಕ್ಕಿಂತ ಕೂದಲೆಳೆಯಷ್ಟು ಹಿಂದಕ್ಕೆ ಬರಬೇಕು. ಇಲ್ಲಿ ಅದು ತೂತಿಗಿಂತ ಎರಡು ಬೆರಳಿನಷ್ಟು ಮುಂದೆಯೇ ನಿಂತಿತು.

ಅಲ್ಲಿಗೆ ನಾನು ಕೋವಿಯನ್ನು ಕೆಳಗಿಟ್ಟು, "ಅಮ್ಮಾ, ಇದರೊಳಗೆ ಏನೋ ಇದೆ. ಅದು ಈಡೇ ಇರಬಹುದು. ಬಲ್ಲವರು ಅದನ್ನು ತೆಗೆಯುವವರೆಗೆ ನಾವು ಮುಟ್ಟುವುದು ಬೇಡ" ಎಂದೆ. ಅವರು ಗಾಬರಿಯಾದರು, ಆ ಕೋವಿ ಎಷ್ಟೋ ಕಾಲದಿಂದ ಹಜಾರದ ಗೋಡೆಯ ಮೇಲೆ ತೂಗುತ್ತಿತ್ತು. ಕೋವಿ ರಿಪೇರಿ ಮಾಡುವ ಅನುಭವಿಯೊಬ್ಬರ ಬಳಿಗೆ ಅದನ್ನು ಸಾಗಿಸಿದೆವು. ಅವರು ಮೊದಲು ರಂಜಕದ ತೂತಿನ ಮೂಲಕ ತೆಳು ಎಣ್ಣೆ ಹನಿಸಿ, ಮದ್ದಿದ್ದರೆ ಅದು ನಿಷ್ಕ್ರಿಯವಾಗಲೆಂದು ಸಾಕಷ್ಟು ಹೊತ್ತು ಬಿಟ್ಟರು. ಅನಂತರ ಗಜದ ತುದಿಗೆ ಸುರುಳಿಕೊಕ್ಕೆ ಸಿಕ್ಕಿಸಿ, ಬಾಯಿಯ ಎದುರಿಗೆ ನಿಲ್ಲದೆ ಪಕ್ಕದಿಂದ ತಿರುಗಿಸುತ್ತ ಎಳೆದರು. ಹೊರಬಂದದ್ದು ಗುಂಡಲ್ಲ, ಒರೆಸುವ ಬಟ್ಟೆಯ ಉಂಡೆ. ಯಾರೋ ಶುಚಿ ಮಾಡುವಾಗ ತಳದಲ್ಲಿ ಸಿಕ್ಕಿಕೊಂಡು, ಜಿಡ್ಡು ಹಿಡಿದು ತೊಗಲಿನಂತೆ ಗಟ್ಟಿಯಾಗಿತ್ತು, ತಳಕ್ಕೆ ತಾಗಿದ್ದ ಮಗ್ಗುಲು ತುಕ್ಕಿನಿಂದ ಕೆಂಪಾಗಿತ್ತು. ಮದ್ದಿನ ಕಣವೂ ಇರಲಿಲ್ಲ. ಅಪಾಯ ಕಳೆಯಿತಾದರೂ ತೇವ ಹಿಡಿದಿಟ್ಟುಕೊಂಡಿದ್ದ ಆ ಉಂಡೆ ಉಕ್ಕಿಗೆ ಏನು ಮಾಡಿರಬಹುದೆಂಬ ಪ್ರಶ್ನೆ ಅಲ್ಲಿಯೇ ಹುಟ್ಟಿತು. ಕೊನೆಗೆ ಬೆಲೆಯನ್ನು ಹೆಚ್ಚು ಅಲುಗಾಡಿಸಿದ್ದೂ ಅದೇ.

ಇನ್ನು ಗುರುತು ಹಿಡಿಯುವ ಕೆಲಸ. ನಳಿಗೆಯ ಉದ್ದ 42 ಇಂಚು. ಕ್ಯಾಲಿಪರಿನಿಂದ ಎದುರುಬದುರಿನ ಪಟ್ಟೆಗಳ ನಡುವಿನ ದಪ್ಪವನ್ನು ಬುಡದಲ್ಲಿ, ನಡುವೆ, ಬಾಯಿಯ ಬಳಿ ಅಳೆದೆ. ಮೂರೂ ಕಡೆ 0.875 ಇಂಚು, ಅಂದರೆ ಇಂಚಿನ ಎಂಟರಲ್ಲಿ ಏಳು ಭಾಗ ಬಂತು. ಎಂಟು ಪಟ್ಟೆಗಳನ್ನು ಜೋಡಿಯಾಗಿ ಅಳೆದರೂ ಅಂಕಿ ಬದಲಾಗಲಿಲ್ಲ. ಇದು ದೊಡ್ಡ ಸುಳಿವು. ಹದಿನೆಂಟನೆಯ ಶತಮಾನದ ಅಮೆರಿಕದ ಉದ್ದ ಕೋವಿಗಳ ನಳಿಗೆ ಸಾಮಾನ್ಯವಾಗಿ ಬುಡದಲ್ಲಿ ದಪ್ಪಗಿದ್ದು, ನಡುವಿನಿಂದಾಚೆ ಸಣಕಲಾಗಿ, ಬಾಯಿಯ ಬಳಿ ಮತ್ತೆ ತುಸು ಅಗಲವಾಗುತ್ತದೆ. ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಸುತ್ತಿ ಬೆಸೆದು ಅರದಿಂದ ಸಮ ಮಾಡಿದ್ದರಿಂದ ಅಲ್ಲಿ ಒಂದು ಪಟ್ಟೆಗೂ ಇನ್ನೊಂದಕ್ಕೂ ಚೂರುಪಾರು ವ್ಯತ್ಯಾಸ ಇದ್ದೇ ಇರುತ್ತದೆ. ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ನೇರ ನಳಿಗೆಗಳೂ ಬಂದವು. ಹಾಗಾಗಿ ನೇರವಾಗಿದೆ ಎಂಬ ಒಂದೇ ಕಾರಣಕ್ಕೆ ಹೊಸದೆನ್ನಲಾಗದು. ಆದರೆ ತುದಿಯಿಂದ ತುದಿಗೆ ಇಂತಹ ಏಕರೂಪತೆ ಯಂತ್ರದ ಕೆಲಸವನ್ನೇ ಹೇಳುತ್ತಿತ್ತು.

ಒಳವ್ಯಾಸ ಸರಿಯಾಗಿ ಅರ್ಧ ಇಂಚು, ಅಂದರೆ 50 ಕ್ಯಾಲಿಬರ್. ಗುಂಡು ತಿರುಗುತ್ತ ಹೋಗಲೆಂದು ನಳಿಗೆಯೊಳಗೆ ಕೊರೆದ ಸುರುಳಿ ಗೆರೆಗಳು ಎಷ್ಟು ದೂರಕ್ಕೆ ಒಂದು ಸುತ್ತು ಬರುತ್ತವೆಂದು ನೋಡಲು, ಹಿಡಿಕೆ ಸರಾಗವಾಗಿ ತಿರುಗುವ ಗಜಕ್ಕೆ ಬಿಗಿಯಾದ ಬಟ್ಟೆ ಸುತ್ತಿ, ಗಜದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ನಿಧಾನವಾಗಿ ಹೊರಗೆಳೆದೆ. 24 ಇಂಚು ಹೊರಬರುವಷ್ಟರಲ್ಲಿ ಗೆರೆ ಮೇಲಿನಿಂದ ತಳಕ್ಕೆ, ಅಂದರೆ ಅರ್ಧ ಸುತ್ತು ತಿರುಗಿತ್ತು. 48 ಇಂಚಿಗೆ ಒಂದು ಸುತ್ತು ಎಂದಾಯಿತು. ಇದರಿಂದ ಕಾಲನಿರ್ಣಯವೇನೂ ಆಗುವುದಿಲ್ಲ. ಹಳೆಯ ಕೋವಿಗಳಲ್ಲಿಯೂ ಇದಕ್ಕೆ ಹತ್ತಿರದ ಸುತ್ತು ಸಿಗುತ್ತದೆ, ಇಪ್ಪತ್ತನೆಯ ಶತಮಾನದ ಕಾರ್ಖಾನೆಗಳಿಗೂ ಇದು ಅಚ್ಚುಮೆಚ್ಚು. ಆದರೂ ಬಟ್ಟೆ ಸುತ್ತಿದ ಗುಂಡಿಗೆ ಇದು ಒಪ್ಪುವ ಸುತ್ತು ಎಂಬುದು ಕೊಳ್ಳುವವನಿಗೆ ತಿಳಿದಿರಬೇಕಾದ ಸಂಗತಿ.

ಗುರುತುಗಳಿಲ್ಲ ಎನ್ನುವುದೂ ಒಂದು ಸಾಕ್ಷ್ಯವೇ. ಅದನ್ನು ಸರಿಯಾಗಿ ಓದಬೇಕು. ಇಟಲಿಯಲ್ಲಿ ತಯಾರಾಗುವ ಕೋವಿಗಳು ಕಾನೂನಿನ ಪ್ರಕಾರ ಗಾರ್ಡೋನೆ ವಾಲ್ ಟ್ರೋಂಪಿಯಾದ ಪರೀಕ್ಷಾ ಕೇಂದ್ರದಲ್ಲಿ ಹೆಚ್ಚಿನ ಒತ್ತಡದ ಈಡಿನಿಂದ ಪರೀಕ್ಷೆಗೊಳಗಾಗಿ ಮುದ್ರೆ ಹಾಕಿಸಿಕೊಳ್ಳಬೇಕು. ನಕ್ಷತ್ರದ ಕೆಳಗೆ ಪಿಎನ್ ಎಂದಿದ್ದರೆ ಕರಿಮದ್ದಿನ ಪರೀಕ್ಷೆಯಾಗಿದೆ ಎಂದರ್ಥ; ಪಕ್ಕದ ಚೌಕದೊಳಗಿನ ಸಂಕೇತಾಕ್ಷರಗಳು ಇಸವಿಯನ್ನು ತಿಳಿಸುತ್ತವೆ, 1975ಕ್ಕೆ ಎಎ ಎಂಬ ಜೋಡಿ ಇದೆ. ಸ್ಪೇನ್‌ನಲ್ಲಿ ಐಬಾರ್, ಇಂಗ್ಲೆಂಡಿನಲ್ಲಿ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಇಂತಹದೇ ಪರೀಕ್ಷಾ ಕೇಂದ್ರಗಳಿವೆ. ಅಮೆರಿಕದಲ್ಲಿ ಮಾತ್ರ ಸರ್ಕಾರಿ ಪರೀಕ್ಷೆಯ ಕಟ್ಟಳೆ ಇಲ್ಲ. ಹೀಗಾಗಿ ಯುರೋಪಿನ ಕಾರ್ಖಾನೆಯ ಕೋವಿ ಮುದ್ರೆಯಿಲ್ಲದೆ ಹೊರಬೀಳುವ ಸಂಭವ ಕಡಿಮೆ, ಅಮೆರಿಕದ ಹವ್ಯಾಸಿಯೊಬ್ಬನ ಕೋವಿ ಮುದ್ರೆಯಿಲ್ಲದೆಯೇ ಇರುವುದು ಸಹಜ.

ಹಾಗಾದರೆ ಮುದ್ರೆಯನ್ನು ಯಾರಾದರೂ ಉಜ್ಜಿ ಅಳಿಸಿರಬಹುದೇ? ಕಾರ್ಖಾನೆಯ ಕೋವಿಯನ್ನು ಹಳೆಯದೆಂದು ನಂಬಿಸಲು ಹಾಗೆ ಮಾಡುವವರುಂಟು. ಇದನ್ನು ಪತ್ತೆ ಹಚ್ಚಲು ಕಣ್ಣು ಮತ್ತು ಬೆಳಕು ಸಾಕು. ನಳಿಗೆಯನ್ನು ಕಿಟಕಿಯ ಕಡೆಗೆ ಓರೆಯಾಗಿ ಹಿಡಿದು, ಕಿಟಕಿಯ ಚೌಕಟ್ಟಿನ ನೇರ ಅಂಚು ಪಟ್ಟೆಯ ಮೇಲೆ ಪ್ರತಿಬಿಂಬಿಸುವಂತೆ ಮಾಡಿ, ಆ ಪ್ರತಿಬಿಂಬವನ್ನು ಬುಡದಿಂದ ಬಾಯಿಯವರೆಗೆ ಮೆಲ್ಲನೆ ಜಾರಿಸುತ್ತ ಹೋದೆ. ಅರ ಆಡಿ ತಗ್ಗಾದ ಜಾಗದಲ್ಲಿ ಗೆರೆ ಬಾಗುತ್ತದೆ ಅಥವಾ ನಡುಗಿದಂತಾಗುತ್ತದೆ. ಮೇಲಿನ ಪಟ್ಟೆಯಲ್ಲಿಯೂ ಎರಡು ಓರೆ ಪಟ್ಟೆಗಳಲ್ಲಿಯೂ ಗೆರೆ ಎಲ್ಲಿಯೂ ಅಲುಗಲಿಲ್ಲ. ಹಿಂಬದಿಯ ಗುರಿಕಟ್ಟಿನ ಸುತ್ತ ಮಾತ್ರ ಸ್ವಲ್ಪ ಉಬ್ಬಿತ್ತು, ಅದು ಆ ತುಂಡನ್ನು ನಳಿಗೆಯಲ್ಲಿ ಕೊರೆದ ತೋಡಿಗೆ ಬಡಿದು ಕೂರಿಸುವಾಗ ಆಗುವಂಥದ್ದು. ಕಾಣುವ ಪಟ್ಟೆಗಳಲ್ಲಿ ಯಾವ ಮುದ್ರೆಯೂ ಎಂದೂ ಇರಲಿಲ್ಲವೆಂದು ಇದರಿಂದ ಖಾತ್ರಿಯಾಯಿತು. ಮರದೊಳಗೆ ಹುದುಗಿದ ಕೆಳಪಟ್ಟೆಗಳ ವಿಷಯ ಬೇರೆ. ನಳಿಗೆಯನ್ನು ಮರಕ್ಕೆ ಬಿಗಿದಿದ್ದ ಅಡ್ಡಮೊಳೆಗಳು ಬಹಳ ಬಿಗಿಯಾಗಿದ್ದವು. ಅವನ್ನು ಬಡಿದು ಹೊರಡಿಸುವಾಗ ಮರದ ತೆಳು ಅಂಚು ಸಿಬಿರೇಳುವ ಭಯವಿದ್ದುದರಿಂದ, ಇನ್ನೂ ನನ್ನದಾಗದ ವಸ್ತುವಿನ ಮೇಲೆ ಆ ಪ್ರಯೋಗ ಬೇಡವೆಂದು ಬಿಟ್ಟೆ.

ಲಾಕನ್ನು ಬಿಚ್ಚಲು ಮಾತ್ರ ಆ ತಾಯಿಯ ಅನುಮತಿ ಕೇಳಿದೆ, ಅವರು ಒಪ್ಪಿದರು. ಯಾವ ಕೋವಿಯ ನಿಜವೂ ಹೆಚ್ಚಾಗಿ ಅಡಗಿರುವುದು ಲಾಕಿನ ಒಳಮೈಯಲ್ಲಿ ಎಂಬುದು ನನ್ನ ಅಭಿಪ್ರಾಯ. ಕುದುರೆಯನ್ನು ಅರ್ಧ ಏರಿಸಿಟ್ಟು, ಎಡಮಗ್ಗುಲಿನ ಎರಡು ಉದ್ದ ತಿರುಪುಗಳನ್ನು ಸೀಳಿಗೆ ಸರಿಯಾಗಿ ಕೂರುವ ತಿರುಪುಳಿಯಿಂದ ಕೆಲವು ಸುತ್ತು ಸಡಿಲಿಸಿ, ಅವುಗಳ ತಲೆಯನ್ನು ಮರದ ಹಿಡಿಕೆಯಿಂದ ಮೆಲ್ಲಗೆ ತಟ್ಟಿದಾಗ ಲಾಕ್ ಮರದಿಂದ ನೇರವಾಗಿ ಹೊರಗೆ ಸರಿಯಿತು. ಅದನ್ನು ಎಂದಿಗೂ ಮೀಟಬಾರದು, ಮೀಟಿದರೆ ಅಂಚಿನ ಮರ ಕಿತ್ತು ಬರುತ್ತದೆ. ಒಳಗಿನ ಫಲಕವನ್ನು ಭೂತಗನ್ನಡಿಯಲ್ಲಿ ನೋಡಿದೆ. ಅರ ಆಡದ ಮೂಲೆಗಳಲ್ಲಿ ಮೈ ಸಣ್ಣ ಮರಳಿನಂತೆ ತರಿತರಿಯಾಗಿತ್ತು. ಅದು ಅಚ್ಚಿನಲ್ಲಿ ಎರಕ ಹೊಯ್ದದ್ದರ ಗುರುತು. ಕುಲುಮೆಯಲ್ಲಿ ಬಡಿದು ಮಾಡಿದ ಹಳೆಯ ಫಲಕದಲ್ಲಿ ಆ ತರಿ ಇರುವುದಿಲ್ಲ, ಅಲ್ಲಿ ಸುತ್ತಿಗೆಯ ಮತ್ತು ಅರದ ಗೆರೆಗಳು ಇರುತ್ತವೆ.

ನಿರ್ಣಾಯಕ ಉತ್ತರ ಕೊಟ್ಟದ್ದು ತಿರುಪಿನ ಹಲ್ಲುಗಳು. ಹಲ್ಲು ಎಣಿಸುವ ಗೇಜಿನ ಎಲೆಗಳನ್ನು ಒಂದೊಂದಾಗಿ ಹಿಡಿದು ನೋಡಿದಾಗ ಇಂಚಿಗೆ 32 ಹಲ್ಲಿನ ಎಲೆ ಸಂದಿಲ್ಲದೆ ಕೂತಿತು. ಎರಡು ಲಾಕ್ ತಿರುಪುಗಳ ಹಲ್ಲೂ ದಪ್ಪವೂ ಒಂದೇ ಆಗಿದ್ದವು. ಅಮೆರಿಕದಲ್ಲಿ ತಿರುಪಿನ ಹಲ್ಲಿಗೆ ಏಕರೂಪದ ಅಳತೆ ಇರಬೇಕೆಂಬ ಪ್ರಸ್ತಾಪವನ್ನು ಯಂತ್ರ ತಯಾರಕ ವಿಲಿಯಂ ಸೆಲ್ಲರ್ಸ್ ಮುಂದಿಟ್ಟದ್ದು 1864ರಲ್ಲಿ, ಚಕಮಕಿಯ ಕಾಲ ಮುಗಿದ ಮೇಲೆ. ಅದಕ್ಕೂ ಹಿಂದೆ ಪ್ರತಿಯೊಂದು ಕಾರ್ಯಾಗಾರಕ್ಕೂ ಹಲ್ಲು ಕೊರೆಯುವ ತನ್ನದೇ ತಿರುಪು ಫಲಕವಿತ್ತು, ಒಬ್ಬನ ತಿರುಪು ಇನ್ನೊಬ್ಬನ ಕೋವಿಗೆ ಹೊಂದುತ್ತಿರಲಿಲ್ಲ. ಹಲ್ಲು ಮೆಟ್ರಿಕ್ ಅಳತೆಯದ್ದಾಗಿದ್ದರೆ ಇಟಲಿ ಅಥವಾ ಸ್ಪೇನಿನ ಕಡೆಗೆ ನೋಡಬೇಕಿತ್ತು. ಇಂದಿನ ಇಂಚಿನ ಗುಣಮಟ್ಟಕ್ಕೆ ಸರಿಹೊಂದುವ ತಿರುಪು, ಎರಕದ ಫಲಕ, ಯಂತ್ರದ ನಳಿಗೆ, ರಂಜಕದ ತೂತಿಗೆ ಪ್ರತ್ಯೇಕವಾಗಿ ತಿರುಗಿಸಿ ಕೂರಿಸಿದ ತುಕ್ಕುಹಿಡಿಯದ ಉಕ್ಕಿನ ಬಿಲ್ಲೆ ಇವೆಲ್ಲ ಒಂದೇ ದಿಕ್ಕನ್ನು ತೋರಿಸಿದವು. ಇದು ಇನ್ನೂರು ವರ್ಷದ್ದಲ್ಲ, ಕಾರ್ಖಾನೆಯದ್ದೂ ಅಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೋ ಆಮೇಲೋ ಯಾರೋ ಒಬ್ಬರು ಅಮೆರಿಕದ ಬಿಡಿಭಾಗಗಳನ್ನು ತಂದು ಕೈಯಿಂದ ಕಟ್ಟಿದ ಕೋವಿ. ಲಾಕಿನ ಆಕಾರವೂ ಅಲ್ಲಿನ ಹವ್ಯಾಸಿಗಳು ಬಹಳವಾಗಿ ಬಳಸಿದ ಸೈಲರ್ ಮಾದರಿಯ ಜರ್ಮನ್ ಶೈಲಿಯದ್ದಾಗಿತ್ತು.

ಲಾಕ್ ಕೈಯಲ್ಲಿದ್ದಾಗಲೇ ಅದರ ಆರೋಗ್ಯವನ್ನೂ ನೋಡಿಕೊಂಡೆ. ಅರ್ಧ ಏರಿಸಿದ ಕುದುರೆಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದರೂ ಅದು ಕಚ್ಚಿನಿಂದ ಜಾರಲಿಲ್ಲ. ಕಲ್ಲು ಬಡಿಯುವ ಉಕ್ಕಿನ ತಟ್ಟೆಯ ಅಂಚಿನಲ್ಲಿ ಸಣ್ಣ ಅರವನ್ನು ಹಗುರವಾಗಿ ಆಡಿಸಿದೆ. ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಿತು, ಎಂದರೆ ಉಕ್ಕು ಚೆನ್ನಾಗಿ ಹದಗೊಂಡಿತ್ತು. ಮತ್ತೆ ಜೋಡಿಸಿ, ಖಾಲಿ ಕೋವಿಯಲ್ಲಿ ಹೊಸ ಕಲ್ಲು ಕಟ್ಟಿ ಬಯಲಿನಲ್ಲಿ ಬಡಿಸಿದಾಗ ಬಿಳಿಹಳದಿ ಕಿಡಿಗಳು ಸರಿಯಾಗಿ ಬಟ್ಟಲಿನ ನಡುವೆ ಬಿದ್ದವು. ಮಂಕು ಕೆಂಪು ಕಿಡಿ ಬಂದಿದ್ದರೆ ತಟ್ಟೆಗೆ ಮತ್ತೆ ಹದ ಕೊಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕಾಗುತ್ತಿತ್ತು. ರಂಜಕದ ತೂತು ಬಟ್ಟಲಿನ ಮಧ್ಯಕ್ಕೆ, ಅಂಚಿನ ಮಟ್ಟಕ್ಕೆ ಸರಿಯಾಗಿತ್ತು. ಕಟ್ಟಿದಾತ ಲಾಕನ್ನು ಕೂರಿಸುವ ಮೊದಲು ನಳಿಗೆಯ ತಳ ಎಲ್ಲಿ ಬರುತ್ತದೆಂದು ಲೆಕ್ಕ ಹಾಕಿದ್ದನೆಂಬುದಕ್ಕೆ ಇದು ಸಾಕ್ಷಿ. ಮೊದಲ ಬಾರಿಗೆ ಕಟ್ಟುವವರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ.

ಮರಗೆಲಸವನ್ನು ನೋಡುತ್ತ ಹೋದಂತೆ ಆ ಅಜ್ಞಾತನ ಮೇಲೆ ನನಗೆ ಗೌರವ ಹೆಚ್ಚಿತು. ನಳಿಗೆಯ ಎರಡೂ ಬದಿಯ ಮರದ ಅಂಚು ಬುಡದಿಂದ ತುದಿಯವರೆಗೆ ಒಂದೇ ದಪ್ಪಕ್ಕಿತ್ತು, ಲೋಹ ಮತ್ತು ಮರದ ನಡುವೆ ಕಾಗದ ತೂರಿಸಲೂ ಎಡೆಯಿರಲಿಲ್ಲ, ಎಲ್ಲಿಯೂ ಮೇಣವನ್ನೋ ಮರದ ಪುಡಿಯ ಅಂಟನ್ನೋ ತುಂಬಿ ತಪ್ಪು ಮುಚ್ಚಿರಲಿಲ್ಲ. ಹವ್ಯಾಸಿಗಳ ಕೋವಿಯನ್ನು ಗುರುತಿಸಲು ಅತ್ಯಂತ ಸುಲಭದ ಲಕ್ಷಣವೆಂದರೆ ಮರದ ಅತಿ ದಪ್ಪ. ಕೆತ್ತಲು ಧೈರ್ಯ ಸಾಲದೆ ಲಾಕಿನ ಸುತ್ತ, ಮುಷ್ಟಿಯ ಜಾಗದಲ್ಲಿ, ಮುಂಗೈ ಹಿಡಿಯುವಲ್ಲಿ ಮರವನ್ನು ಹಾಗೆಯೇ ಉಳಿಸಿಬಿಟ್ಟಿರುತ್ತಾರೆ. ಇಲ್ಲಿ ಮುಷ್ಟಿ ತೆಳ್ಳಗಿತ್ತು, ಲಾಕಿನ ಸುತ್ತಲಿನ ಸಮತಟ್ಟು ಎರಡೂ ಮಗ್ಗುಲಿನಲ್ಲಿ ಸಮನಾಗಿತ್ತು. ಹಿತ್ತಾಳೆಯ ಕೆಲಸ ಮಾತ್ರ ಅಷ್ಟು ನಯವಾಗಿರಲಿಲ್ಲ. ಟ್ರಿಗರ್ ಕಾವಲಿನ ಒಳಬದಿಯಲ್ಲಿ ಎರಕದ ಕಲೆ ಉಳಿದಿತ್ತು, ಪೆಟ್ಟಿಗೆಯ ಮುಚ್ಚಳದ ಕೀಲು ಸ್ವಲ್ಪ ಸಡಿಲವಾಗಿತ್ತು. ಮರವನ್ನು ಬಲ್ಲ, ಲೋಹದಲ್ಲಿ ಇನ್ನೂ ಪಳಗುತ್ತಿದ್ದ ಕೈ ಎಂದು ನನಗನ್ನಿಸಿತು. ಅದು ಆತನ ಮೊದಲ ಕೋವಿಯಂತೂ ಆಗಿರಲಾರದು.

ಶೈಲಿಯ ದೃಷ್ಟಿಯಿಂದ ಒಂದು ತೊಡಕಿತ್ತು. ಪೆಟ್ಟಿಗೆಯ ತುದಿಯ ಡೈಸಿ ಹೂವು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಪರಂಪರೆಯದು. ಜೇಕಬ್ ಡಿಕರ್ಟ್ ಮುಂತಾದ ಕರ್ಮಿಗಳು ಕೆಲಸ ಮಾಡಿದ ಊರು ಅದು. ಲ್ಯಾಂಕಾಸ್ಟರ್ ಕೋವಿಯ ಬುಡದ ಮೇಲಂಚು ಮತ್ತು ಕೆಳಂಚು ನೇರ ಗೆರೆಗಳಾಗಿದ್ದು, ಬುಡ ಉದ್ದನೆಯ ತ್ರಿಕೋನದಂತೆ ಕಾಣುತ್ತದೆ. ಇಲ್ಲಿಯೋ ಕೆನ್ನೆ ಒರಗುವ ಮೇಲಂಚು ಗಿಳಿಮೂಗಿನಂತೆ ಬಾಗಿತ್ತು, ಅದು ಲೀಹೈ ಮತ್ತು ಬಕ್ಸ್ ಪ್ರಾಂತಗಳ ಬಾಗು. ನೋಡಲು ಚೆಂದವೇ. ಆದರೆ ಪ್ರತಿಕೃತಿಯಲ್ಲಿಯೂ ಒಂದೇ ಪರಂಪರೆಯ ನಿಷ್ಠೆಯನ್ನು ಬಯಸುವ ಗಂಭೀರ ಸಂಗ್ರಾಹಕರು ಇಂತಹ ಬೆರಕೆಗೆ ಹೆಚ್ಚು ಬೆಲೆ ಕೊಡುವುದಿಲ್ಲ. ನಾನು ಗುರಿ ಹೊಡೆಯಲು ಕೊಳ್ಳುತ್ತಿದ್ದುದರಿಂದ ನನಗದು ಕೊರತೆಯಾಗಿ ಕಾಣದಿದ್ದರೂ, ಮುಂದೆ ಮಾರುವ ಸಂದರ್ಭ ಬಂದರೆ ಕೊಳ್ಳುವವರ ಸಂಖ್ಯೆ ಕಡಿಮೆಯಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಿತ್ತು. ನಳಿಗೆಯ ಹಿಂದಕ್ಕೆ ಚಾಚಿದ ಲೋಹದ ಬಾಲ ಮರಕ್ಕೆ ತಾಗುವ ಹಿಂತುದಿಯಲ್ಲಿ ಕೂದಲಿನಷ್ಟು ಸಣ್ಣ ಬಿರುಕೊಂದಿತ್ತು. ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲನೆ ಬಾಗಿಸಿದಾಗ ಅದು ತೆರೆದುಕೊಳ್ಳಲಿಲ್ಲ. ನೇರಳಾತೀತ ದೀಪದ ಅಡಿಯಲ್ಲಿ ಹಳೆಯ ಅಂಟಿನ ಹೊಳಪೂ ಕಾಣಲಿಲ್ಲ. ಮುರಿದು ಸೇರಿಸಿದ ಮುಷ್ಟಿಯಾಗಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆ.

ಉಳಿದದ್ದು ನಳಿಗೆಯ ಒಳಗು. ತೆಳ್ಳನೆಯ ಕ್ಯಾಮೆರಾ ಕೊಳವೆಯನ್ನು ಇಳಿಸಿ ನೋಡಿದಾಗ ಬಾಯಿಯ ಅಂಚು ಹೊಸದರಂತಿತ್ತು, ಸುರುಳಿ ಗೆರೆಗಳ ಮೂಲೆಗಳು ಚೂಪಾಗಿದ್ದವು. ತಳಕ್ಕೆ ಬಂದಾಗ ಬಟ್ಟೆಯ ಉಂಡೆ ಕೂತಿದ್ದ ಜಾಗದಲ್ಲಿ ಸುತ್ತಲೂ ಸಣ್ಣ ಸಣ್ಣ ಗುಳಿಗಳು ಕಂಡವು. ಬಿಗಿಯಾದ ಒಣಬಟ್ಟೆಯನ್ನು ತಳ ಮುಟ್ಟಿಸಿ ಎಳೆದರೆ ಆ ಜಾಗದಲ್ಲಿ ಅದು ತೊಡರುತ್ತಿತ್ತು, ಹೊರಬಂದ ಬಟ್ಟೆಯ ಎಳೆಗಳು ಕಿತ್ತಿದ್ದವು. ಈಡಿನ ಮದ್ದು ಕೂರುವುದು ಅಲ್ಲಿಯೇ, ಒತ್ತಡ ಅತಿ ಹೆಚ್ಚಾಗುವುದೂ ಅಲ್ಲಿಯೇ. ಗುಳಿಗಳಲ್ಲಿ ಮಸಿ ಉಳಿದರೆ ತುಕ್ಕು ಮುಂದುವರಿಯುತ್ತದೆ, ಕೆಂಡದ ಕಿಡಿ ಉಳಿದರೆ ಮುಂದಿನ ಈಡು ತುಂಬುವಾಗ ಅಪಾಯ. ರಿಪೇರಿಯವರ ಅಂದಾಜಿನಲ್ಲಿ ಗುಳಿಗಳು ಆಳವಾಗಿರಲಿಲ್ಲ, ಸೀಸದ ಅಚ್ಚಿಗೆ ಉಜ್ಜುಪುಡಿ ಹಚ್ಚಿ ಆಡಿಸಿದರೆ ನಯವಾಗುವ ಸಾಧ್ಯತೆ ಹೆಚ್ಚಿತ್ತು. ಅದು ಸಾಲದಿದ್ದರೆ ಒಳವ್ಯಾಸವನ್ನು 54 ಕ್ಯಾಲಿಬರಿಗೆ ಹಿಗ್ಗಿಸಿ ಹೊಸದಾಗಿ ಗೆರೆ ಕೊರೆಸಬೇಕಾಗುತ್ತಿತ್ತು. 0.875 ಇಂಚಿನ ನಳಿಗೆಯಲ್ಲಿ 50 ಕ್ಯಾಲಿಬರಿಗೆ ಪಟ್ಟೆಯ ನಡುವೆ ಗೋಡೆಯ ದಪ್ಪ 0.1875 ಇಂಚು, 54 ಆದರೆ 0.167 ಇಂಚಿನ ಸುಮಾರು ಉಳಿಯುತ್ತದೆ. ಕರಿಮದ್ದಿಗೆ ಅಷ್ಟು ದಪ್ಪ ಸಾಲುತ್ತದೆ ಎಂದು ಅವರು ಹೇಳಿದರು.

ಬೆಲೆ ಕಟ್ಟುವಾಗ ನಾನು ಎರಡು ಅಂಚುಗಳನ್ನು ಗೊತ್ತುಮಾಡಿಕೊಂಡೆ. ಕೋವಿಯನ್ನು ಬಿಚ್ಚಿ ನಳಿಗೆ, ಲಾಕ್, ಟ್ರಿಗರ್, ಹಿತ್ತಾಳೆಯ ಸಜ್ಜು ಇವನ್ನು ಬಿಡಿಯಾಗಿ ಮಾರಿದರೆ ಬಳಸಿದ ಸ್ಥಿತಿಯಲ್ಲಿ ಎಷ್ಟು ಹುಟ್ಟಬಹುದೆಂಬುದು ಕೆಳಗಿನ ಅಂಚು. ಇದೇ ಗುಣಮಟ್ಟದ, ಆದರೆ ಹೆಸರು ಕೆತ್ತಿದ ಪರಿಚಿತ ಕರ್ಮಿಯ ಕೋವಿ ಎರಡನೆಯ ಕೈಗೆ ಎಷ್ಟಕ್ಕೆ ಹೋಗಿದೆಯೆಂಬುದು ಮೇಲಿನ ಅಂಚು. ಇಲ್ಲಿ ಮಾರುವವರು ಕೇಳುವ ಬೆಲೆಯನ್ನು ನೋಡಬಾರದು, ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಬೇಕು. ಕೇಳಿದ ಬೆಲೆಗೆ ಹೋಗದ ವಸ್ತು ತಿಂಗಳುಗಟ್ಟಲೆ ಪಟ್ಟಿಯಲ್ಲಿಯೇ ಉಳಿದಿರುವುದರಿಂದ, ಪಟ್ಟಿಯನ್ನು ನೋಡಿ ಅಂದಾಜು ಮಾಡುವವನಿಗೆ ಮಾರುಕಟ್ಟೆ ಇರುವುದಕ್ಕಿಂತ ದುಬಾರಿಯಾಗಿ ಕಾಣುತ್ತದೆ. ಹರಾಜಿನ ಅಂಕಿಯಾದರೆ ಕೊಳ್ಳುವವರು ಮೇಲೆ ತೆರುವ ಕಮಿಷನ್ ಸೇರಿದೆಯೇ ಎಂದೂ ವಿಚಾರಿಸಬೇಕು.

ಈ ಎರಡು ಅಂಚುಗಳ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಕಣ್ಣಾರೆ ಕಂಡ ಗುಣದೋಷಗಳಿಂದಲೇ ನಿರ್ಧರಿಸಿದೆ. ನಳಿಗೆಯ ಬೆಲೆಯಲ್ಲಿ ಅರ್ಧವನ್ನು ತೆಗೆದೆ, ಏಕೆಂದರೆ ಉಜ್ಜಿದರೆ ಸರಿಹೋಗುತ್ತದೆ ಎಂಬುದು ಆಗಿನ್ನೂ ಭರವಸೆಯಷ್ಟೇ ಆಗಿತ್ತು. ಲಾಕಿಗೆ ಪೂರ್ತಿ ಬೆಲೆ ಹಿಡಿದೆ. ಮರಗೆಲಸಕ್ಕೆ ಒಂದು ಮೊತ್ತವನ್ನು ಸೇರಿಸಿದೆ, ಆದರೆ ಅದಕ್ಕೆ ತಗಲಿರಬಹುದಾದ ದುಡಿಮೆಯ ಪೂರ್ತಿ ಕೂಲಿಯನ್ನಲ್ಲ. ಹೆಸರಿಲ್ಲದ ಕೈಯ ಅಷ್ಟೂ ಗಂಟೆಗಳಿಗೆ ಮಾರುಕಟ್ಟೆ ಹಣ ಕೊಡುವುದಿಲ್ಲ. ನನಗೆ ಅದು ಅನ್ಯಾಯವೆಂದೇ ತೋರುತ್ತದೆ, ಆದರೂ ನಾಳೆ ನಾನು ಮಾರಲು ಹೋದರೆ ನನಗೂ ಸಿಗುವುದು ಅದೇ ಲೆಕ್ಕ. ಕೆಳಪಟ್ಟೆಯಲ್ಲಿ ದೊಡ್ಡ ಹೆಸರೊಂದು ಅಡಗಿರಬಹುದು ಎಂಬ ಆಸೆಗೆ ನಾನು ಏನನ್ನೂ ಸೇರಿಸಲಿಲ್ಲ. ಕಾಣದ ಹೆಸರಿಗೆ ಹಣ ತೆತ್ತರೆ ಅದು ಕೋವಿಯ ಬೆಲೆಯಾಗುವುದಿಲ್ಲ, ಜೂಜಿನ ಪಣವಾಗುತ್ತದೆ.

ಆ ತಾಯಿಯ ಮುಂದೆ ಮೇಜಿನ ಮೇಲೆ ಅಳತೆಗಳ ಹಾಳೆ, ಬಿಚ್ಚಿದ ತಿರುಪು, ತುಕ್ಕಿನ ಬಟ್ಟೆ ಎಲ್ಲವನ್ನೂ ಇಟ್ಟು ಒಂದೊಂದನ್ನೂ ವಿವರಿಸಿದೆ. ಗೇಜಿನ ಎಲೆಯನ್ನು ಅವರ ಕೈಗೇ ಕೊಟ್ಟು ತಿರುಪಿನ ಹಲ್ಲಿಗೆ ಹಿಡಿದು ನೋಡಲು ಹೇಳಿದೆ. ಇದು ನಿಜವಾಗಿಯೂ ಇನ್ನೂರು ವರ್ಷದ್ದಾಗಿದ್ದರೆ ನನಗೆ ಮಾರಬೇಡಿ, ಹಳೆಯ ಆಯುಧಗಳ ತಜ್ಞರಿಗೆ ತೋರಿಸಿ ಎಂದೇ ಹೇಳುತ್ತಿದ್ದೆ ಎಂದೂ ತಿಳಿಸಿದೆ. ಬೇಕಿದ್ದರೆ ಈಗಲೂ ಇನ್ನೊಬ್ಬರ ಅಭಿಪ್ರಾಯ ಕೇಳಿ, ನಾನು ಕಾಯುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದನ್ನು ಮಾಡಿದ್ದು ಅವರ ಸ್ನೇಹಿತರೇ ಇರಬಹುದು. ಗುರಿ ಹೊಡೆಯುವ ಕೂಟಕ್ಕೆ ಹೋದಾಗ ಒಬ್ಬರು ಕೊಟ್ಟರು ಅಂತ ತಂದಿದ್ದು ನೆನಪಿದೆ" ಎಂದರು. ಮಾರನೆಯ ದಿನ ರಿಪೇರಿಯವರೊಂದಿಗೆ ತಾವೇ ಮಾತಾಡಿ ಒಪ್ಪಿಗೆ ತಿಳಿಸಿದರು. ಅವರು ಮೊದಲು ಹೇಳಿದ್ದ ಬೆಲೆಯ ಅರ್ಧಕ್ಕಿಂತ ತುಸು ಹೆಚ್ಚಿಗೆ ವ್ಯವಹಾರ ಮುಗಿಯಿತು. ಕೋವಿಯ ಅಳತೆ, ನಾಲ್ಕೂ ಮಗ್ಗುಲಿನ ಚಿತ್ರ, ನಳಿಗೆಯೊಳಗಿನ ಗುಳಿಗಳ ಚಿತ್ರ, ಅವರು ನೆನಪಿಸಿಕೊಂಡ ಮಾತು ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡೆವು.

ಕೋವಿ ನನ್ನದಾದ ಮೇಲೆ ಅಡ್ಡಮೊಳೆಗಳನ್ನು ರಿಪೇರಿಯವರೇ ನಾಜೂಕಾಗಿ ಹೊರಡಿಸಿ ನಳಿಗೆಯನ್ನು ಎತ್ತಿದರು. ಕೆಳಪಟ್ಟೆಯಲ್ಲಿ 50 ಮತ್ತು 48 ಎಂಬ ಎರಡು ಅಂಕಿಗಳನ್ನು ಉಳಿಯಿಂದ ಒತ್ತಲಾಗಿತ್ತು, ಕ್ಯಾಲಿಬರ್ ಮತ್ತು ಸುತ್ತಿನ ಅಳತೆ. ಹೆಸರಿರಲಿಲ್ಲ. ನಳಿಗೆಯ ಹಿಂತುದಿಯನ್ನು ಮುಚ್ಚುವ ತಳದ ತಿರುಪುಬಿರಡೆಯ ಹಲ್ಲುಗಳು ಹಾನಿಯಿಲ್ಲದೆ ಪೂರ್ತಿ ಕಚ್ಚಿಕೊಂಡಿದ್ದವು. ಕೊಳ್ಳುವ ಮೊದಲು ನೋಡಲಾಗದಿದ್ದ ಈ ಒಂದು ಅಂಶದ ಬಗ್ಗೆ ನನಗೆ ಹೆಸರಿಗಿಂತ ಹೆಚ್ಚು ಕಾತರವಿತ್ತು. ಸೀಸದ ಅಚ್ಚಿನಿಂದ ಉಜ್ಜಿದ ಮೇಲೆ ಒಣಬಟ್ಟೆ ತಳದಲ್ಲಿ ತೊಡರುವುದು ಬಹುಮಟ್ಟಿಗೆ ನಿಂತಿತು, ಒಳವ್ಯಾಸ ಹಿಗ್ಗಿಸುವ ಅಗತ್ಯ ಬೀಳಲಿಲ್ಲ. ಮೊದಲ ಈಡುಗಳನ್ನು ಕೋವಿಯನ್ನು ಭದ್ರವಾದ ಚೌಕಟ್ಟಿಗೆ ಕಟ್ಟಿ, ಕಡಿಮೆ ಮದ್ದು ಹಾಕಿ, ಮರೆಯಲ್ಲಿ ನಿಂತು ಉದ್ದ ಹುರಿಯಿಂದ ಎಳೆದು ಹಾರಿಸಿದೆವು, ಪ್ರತಿ ಈಡಿನ ನಂತರವೂ ನಳಿಗೆಯನ್ನು ಅಳೆದು ನೋಡಿದೆವು. ಕರಿಮದ್ದಿನ ಹೊರತು ಬೇರೆ ಯಾವ ಮದ್ದನ್ನೂ ಇಂತಹ ಕೋವಿಗೆ ಹಾಕುವಂತಿಲ್ಲ. ಈಗ ಅದಕ್ಕೆ 0.490 ಇಂಚಿನ ಸೀಸದ ಗುಂಡು ಮತ್ತು 0.015 ಇಂಚು ದಪ್ಪದ ಹತ್ತಿಬಟ್ಟೆ ಚೆನ್ನಾಗಿ ಒಪ್ಪುತ್ತವೆ, ಆ ವಿವರವನ್ನೂ ಅದೇ ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ.